ನ್ಯಾನೋಕಣಗಳಿಂದ ಪ್ರಾಣಿಗಳ ಅಂಗಗಳಿಗೆ, ರೋಗನಿರೋಧಕ ಶಕ್ತಿಗೆ ಆಗುವ ಹಾನಿಯನ್ನು ಪರೀಕ್ಷಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಸುಂಡಿಲಿಗಳ (ಮೌಸ್) ಒಂದು ಗುಂಪಿಗೆ 17 ಮೈಕ್ರೋಮೀಟರ್ ಗಾತ್ರದ ತಾಮ್ರದ ಪುಡಿಯನ್ನು ಹೊಟ್ಟೆಗೆ ಕೊಟ್ಟರು. ಇನ್ನೊಂದು ಗುಂಪಿಗೆ ಅದೇ ತಾಮ್ರವನ್ನು 23.5 ನ್ಯಾನೋಮೀಟರ್ (ಮೈಕ್ರೋಮೀಟರ್‌ನ ಸಾವಿರದ ಒಂದು ಭಾಗವೇ ನ್ಯಾನೋಮೀಟರ್) ಕಣಗಳ ರೂಪದಲ್ಲಿ ಕೊಟ್ಟರು. ಅರ್ಧದಷ್ಟು ಪ್ರಾಣಿಗಳು ಸಾಯಲು ಬೇಕಾಗುವ ಪ್ರಮಾಣ ದೊಡ್ಡ ಪುಡಿಗೆ ಪ್ರತಿ ಕೆಜಿ ದೇಹತೂಕಕ್ಕೆ 5000 ಮಿಗ್ರಾಂ ದಾಟಿತು. ನ್ಯಾನೋ ತಾಮ್ರಕ್ಕೆ 413 ಮಿಗ್ರಾಂ ಸಾಕಾಯಿತು. 2006ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ನ್ಯಾನೋ ತಾಮ್ರ ಸೇವಿಸಿದ ಪ್ರಾಣಿಗಳ ಮೂತ್ರಪಿಂಡ, ಯಕೃತ್ತು, ಗುಲ್ಮ (ಸ್ಪ್ಲೀನ್) ಮೂರಕ್ಕೂ ಪೆಟ್ಟು ಬಿದ್ದಿತ್ತು. ಸಣ್ಣ ಕಣಗಳು ಜಠರದ ಆಮ್ಲದೊಡನೆ ಬೇಗ ವರ್ತಿಸಿ ತಾಮ್ರದ ಅಯಾನುಗಳನ್ನು ಧಾರಾಳವಾಗಿ ಬಿಟ್ಟಿದ್ದೇ ಅದಕ್ಕೆ ಮುಖ್ಯ ಕಾರಣ.

ವಸ್ತು ಒಂದೇ, ಗಾತ್ರ ಬೇರೆ, ಪರಿಣಾಮ ಬೇರೆ. ಲೆಕ್ಕ ಹಾಕಿ ನೋಡಿದರೆ ಇದರಲ್ಲಿ ಅಚ್ಚರಿಯಿಲ್ಲ. ಒಂದು ಸೆಂಟಿಮೀಟರ್ ಬದಿಯ ಘನಕ್ಕೆ 6 ಚದರ ಸೆಂಟಿಮೀಟರ್ ಮೇಲ್ಮೈ ಇರುತ್ತದೆ. ಅದನ್ನು 1 ನ್ಯಾನೋಮೀಟರ್ ಬದಿಯ ಚೂರುಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6000 ಚದರ ಮೀಟರ್ ಆಗುತ್ತದೆ. ಜೀವಕೋಶದ ಜೊತೆ ವ್ಯವಹರಿಸುವುದು ಈ ಮೇಲ್ಮೈಯೇ.

ಈ ಮಾರ್ಗದರ್ಶಿ ಪಶುವೈದ್ಯಕೀಯ, ಔಷಧ ವಿಜ್ಞಾನ, ಜೀವವಿಜ್ಞಾನದ ವಿದ್ಯಾರ್ಥಿಗಳಿಗಾಗಿ. ಇಂಥ ಸಂಶೋಧನಾ ಪ್ರಬಂಧಗಳನ್ನು ಓದಿ ತೂಗಿ ನೋಡಬೇಕಾದವರಿಗೂ ಇದು ಉಪಯೋಗವಾಗುತ್ತದೆ. ಪ್ರಾಣಿಯನ್ನು ಮುಟ್ಟುವ ಮೊದಲಿನ ಹಂತಗಳಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ. ಪ್ರಯೋಗ ಕೆಡುವುದು ಬಹುತೇಕ ಅಲ್ಲಿಯೇ. ಕೆಟ್ಟ ಪ್ರಯೋಗದಲ್ಲಿ ಸತ್ತ ಪ್ರಾಣಿಯ ಜೀವಕ್ಕೆ ಪ್ರತಿಯಾಗಿ ಯಾರಿಗೂ ಏನೂ ದಕ್ಕುವುದಿಲ್ಲ.

ಹಂತ 1: ಪ್ರಶ್ನೆಯನ್ನು ಬಿಗಿ ಮಾಡಿ

"ನ್ಯಾನೋ ಬೆಳ್ಳಿ ವಿಷಕಾರಿಯೇ?" ಎಂದು ಕೇಳಿದರೆ ಯಾವ ಪ್ರಯೋಗವೂ ಉತ್ತರ ಕೊಡಲಾರದು. ಯಾವ ಗಾತ್ರ, ಯಾವ ಲೇಪನ, ಯಾವ ದಾರಿಯಿಂದ ದೇಹಕ್ಕೆ, ಎಷ್ಟು ದಿನ, ಯಾವ ಪ್ರಾಣಿ, ಯಾವ ಅಂಗ? ಈ ಆರೂ ಒಂದೇ ವಾಕ್ಯದಲ್ಲಿ ಬರಬೇಕು. "ಸಿಟ್ರೇಟ್ ಲೇಪಿಸಿದ 20 ನ್ಯಾನೋಮೀಟರ್ ಬೆಳ್ಳಿ ಕಣಗಳನ್ನು 28 ದಿನ ಬಾಯಿಯ ಮೂಲಕ ಕೊಟ್ಟರೆ ಇಲಿಯ (ರ್‍ಯಾಟ್) ಯಕೃತ್ತಿನಲ್ಲಿ, ಗುಲ್ಮದಲ್ಲಿ ಏನಾಗುತ್ತದೆ?" ಎಂಬುದು ಉತ್ತರ ಸಿಗುವಂಥ ಪ್ರಶ್ನೆ.

ಪ್ರಶ್ನೆ ಬರೆದಾದ ಮೇಲೆ, ಇದಕ್ಕೆ ಪ್ರಾಣಿಯೇ ಬೇಕೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ರಸೆಲ್ ಮತ್ತು ಬರ್ಚ್ 1959ರಲ್ಲಿ ಮುಂದಿಟ್ಟ ಮೂರು ಸೂತ್ರಗಳು ಇಂದಿಗೂ ಅಡಿಪಾಯ: ಪ್ರಾಣಿಗೆ ಬದಲಿ ಹುಡುಕುವುದು, ಸಂಖ್ಯೆ ತಗ್ಗಿಸುವುದು, ನೋವು ಕಡಿಮೆ ಮಾಡುವುದು. ಕಣ ಜೀವಕೋಶದೊಳಗೆ ಕರಗುತ್ತದೆಯೇ, ಕೆಂಪು ರಕ್ತಕಣಗಳನ್ನು ಒಡೆಯುತ್ತದೆಯೇ, ಹೊರಗಿನ ವಸ್ತುಗಳನ್ನು ನುಂಗುವ ರಕ್ಷಕ ಕೋಶಗಳಾದ ಮ್ಯಾಕ್ರೋಫೇಜ್‌ಗಳನ್ನು ಕೆರಳಿಸುತ್ತದೆಯೇ ಎಂಬುದನ್ನೆಲ್ಲ ಪ್ರನಾಳದಲ್ಲೇ ತಿಳಿಯಬಹುದು. ಕಣ ಯಾವ ಅಂಗ ಸೇರುತ್ತದೆ, ಎಷ್ಟು ಕಾಲ ಉಳಿಯುತ್ತದೆ, ಅಂಗಗಳ ನಡುವಿನ ಸಂವಾದ ಹೇಗೆ ಏರುಪೇರಾಗುತ್ತದೆ ಎಂಬ ಪ್ರಶ್ನೆಗಳಿಗೆ ಇಡೀ ದೇಹ ಬೇಕಾಗುತ್ತದೆ.

ಪ್ರಾಣಿಯ ಆಯ್ಕೆ ಫಲಿತಾಂಶವನ್ನೇ ಬದಲಿಸುತ್ತದೆ. ಉಸಿರಿನಲ್ಲಿ ಹೋದ ಧೂಳಿಗೆ ಇಲಿಯ ಶ್ವಾಸಕೋಶ ಸುಂಡಿಲಿ ಮತ್ತು ಹ್ಯಾಮ್‌ಸ್ಟರ್‌ಗಳಿಗಿಂತ ತೀವ್ರವಾಗಿ ಉರಿಯುತ್ತದೆ. ಹಂದಿ, ಕುರಿ, ಕರು, ಕುದುರೆ, ಬೆಕ್ಕುಗಳ ಶ್ವಾಸಕೋಶದ ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡ ಮ್ಯಾಕ್ರೋಫೇಜ್‌ಗಳಿರುತ್ತವೆ. ಇಲಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ರಕ್ತಕ್ಕೆ ಸೇರಿಸಿದ ಕಣ ಇಲಿಯಲ್ಲಿ ಯಕೃತ್ತು ಸೇರಿದರೆ, ಹಂದಿಯಲ್ಲಿ ಗಣನೀಯ ಭಾಗ ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುವುದು ಇದರಿಂದಲೇ. ಒಂದೇ ಜಾತಿಯೊಳಗೂ ವ್ಯತ್ಯಾಸವುಂಟು: ಬಾಲ್ಬ್-ಸಿ ತಳಿಯ ಸುಂಡಿಲಿ ರಕ್ತದಿಂದ ಕಣಗಳನ್ನು ಸಿ57 ಬ್ಲ್ಯಾಕ್ 6 ತಳಿಗಿಂತ ಬೇಗ ತೆಗೆದುಹಾಕುತ್ತದೆ. ಎರಡೂ ತಳಿಗಳ ರೋಗನಿರೋಧಕ ಒಲವೇ ಬೇರೆ.

ಗಂಡು ಹೆಣ್ಣು ಎರಡನ್ನೂ ಸೇರಿಸಿಕೊಳ್ಳಿ. 60 ನ್ಯಾನೋಮೀಟರ್ ಬೆಳ್ಳಿಯನ್ನು 28 ದಿನ ತಿನ್ನಿಸಿದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಣ್ಣು ಇಲಿಗಳ ಮೂತ್ರಪಿಂಡದಲ್ಲಿ ಗಂಡುಗಳಿಗಿಂತ ಸುಮಾರು ಎರಡು ಪಟ್ಟು ಬೆಳ್ಳಿ ಸೇರಿತ್ತು. ಗಂಡುಗಳನ್ನಷ್ಟೇ ನೋಡಿದ್ದರೆ ಈ ಸಂಗತಿ ಹೊರಬರುತ್ತಲೇ ಇರಲಿಲ್ಲ.

ಹಂತ 2: ಕಣವನ್ನು ನೀವೇ ಅಳೆಯಿರಿ, ಚುಚ್ಚುವ ದ್ರವದಲ್ಲೇ ಅಳೆಯಿರಿ

ಬಾಟಲಿಯ ಮೇಲಿನ ಚೀಟಿಯಲ್ಲಿ "20 ನ್ಯಾನೋಮೀಟರ್" ಎಂದಿದ್ದರೆ ಅದು ತಯಾರಾದ ದಿನದ ಮಾತು. ಪ್ರಾಣಿಯ ದೇಹ ಸೇರುವಾಗ ಆ ಗಾತ್ರ ಉಳಿದಿದೆಯೇ ಎಂಬುದು ಬೇರೆಯೇ ಪ್ರಶ್ನೆ.

ಇದನ್ನು ಕಣ್ಣಾರೆ ನೋಡಬಹುದು. ಸಿಟ್ರೇಟ್ ಲೇಪಿಸಿದ ಚಿನ್ನದ ಕಣಗಳ ಕೆಂಪು ದ್ರಾವಣವನ್ನು ಸ್ವಲ್ಪ ತೆಗೆದುಕೊಂಡು ಅದಕ್ಕೆ ಸಲೈನ್ ಬೆರೆಸಿ. ಕೆಲವೇ ಕ್ಷಣಗಳಲ್ಲಿ ಕೆಂಪು ನೇರಳೆಯಾಗಿ, ನೀಲಿಗೆ ತಿರುಗಿ, ಬಿಟ್ಟರೆ ತಳದಲ್ಲಿ ಕಪ್ಪು ಗಸಿ ಕೂರುತ್ತದೆ. ಕಣಗಳನ್ನು ಪರಸ್ಪರ ದೂರವಿಟ್ಟಿದ್ದ ವಿದ್ಯುದಾವೇಶವನ್ನು ಉಪ್ಪು ಮರೆಮಾಡಿತು, ಅವು ಗಂಟುಗಟ್ಟಿದವು. ಬೆಳ್ಳಿಯ ಹಳದಿ ದ್ರಾವಣವೂ ಹೀಗೆಯೇ ಬೂದುಬಣ್ಣಕ್ಕೆ ತಿರುಗುತ್ತದೆ. ಇದನ್ನು ಗಮನಿಸದೆ ಸಲೈನ್‌ನಲ್ಲಿ ಕಲಸಿ ಬಾಲದ ರಕ್ತನಾಳಕ್ಕೆ ಚುಚ್ಚಿದರೆ ಶ್ವಾಸಕೋಶದ ಲೋಮನಾಳಗಳಲ್ಲಿ ಗಂಟುಗಳು ಸಿಕ್ಕಿಬಿದ್ದು ಪ್ರಾಣಿ ಉಸಿರುಗಟ್ಟಿ ಸಾಯಬಹುದು. ಪ್ರಬಂಧದಲ್ಲಿ ಅದು "20 ನ್ಯಾನೋಮೀಟರ್ ಕಣದ ತೀವ್ರ ವಿಷತ್ವ" ಎಂದು ದಾಖಲಾಗಿಬಿಡುತ್ತದೆ.

ಅಳೆಯಬೇಕಾದವು: ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣದ ಆಕಾರ ಮತ್ತು ಗಾತ್ರ, ದ್ರವದಲ್ಲಿ ತೇಲುವಾಗಿನ ಗಾತ್ರಕ್ಕೆ ಡಿಎಲ್‌ಎಸ್ (ಚದುರುವ ಬೆಳಕಿನಿಂದ ಗಾತ್ರ ತಿಳಿಯುವ ವಿಧಾನ), ಮೇಲ್ಮೈ ಆವೇಶಕ್ಕೆ ಝೀಟಾ ಪೊಟೆನ್ಶಿಯಲ್, ಪುಡಿಯಾಗಿದ್ದರೆ ಅದಕ್ಕೆ ಅಂಟುವ ಅನಿಲವನ್ನು ಅಳೆಯುವ ಬಿಇಟಿ ವಿಧಾನದಲ್ಲಿ ಮೇಲ್ಮೈ ವಿಸ್ತೀರ್ಣ, ಹರಳಿನ ರಚನೆಗೆ ಎಕ್ಸ್‌ರೇ ವಿವರ್ತನೆ. ಟೈಟಾನಿಯಂ ಡೈಆಕ್ಸೈಡ್‌ನ ಅನಟೇಸ್ ಮತ್ತು ರೂಟೈಲ್ ರೂಪಗಳು ಒಂದೇ ರೀತಿ ವರ್ತಿಸುವುದಿಲ್ಲವಾದ್ದರಿಂದ ಈ ಕೊನೆಯದನ್ನು ಬಿಡುವಂತಿಲ್ಲ.

ಡಿಎಲ್‌ಎಸ್ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಚದುರುವ ಬೆಳಕು ವ್ಯಾಸದ ಆರನೇ ಘಾತಕ್ಕೆ ಅನುಗುಣವಾಗಿರುತ್ತದೆ. 100 ನ್ಯಾನೋಮೀಟರ್‌ನ ಒಂದು ಕಣ, 10 ನ್ಯಾನೋಮೀಟರ್‌ನ ಹತ್ತು ಲಕ್ಷ ಕಣಗಳಷ್ಟು ಬೆಳಕು ಚದುರಿಸುತ್ತದೆ. ಆನೆ ಅಡ್ಡ ನಿಂತರೆ ಇರುವೆಸಾಲು ಕಾಣದ ಹಾಗೆ, ನಾಲ್ಕಾರು ಗಂಟುಗಳು ಮಿಕ್ಕೆಲ್ಲವನ್ನೂ ಮರೆಮಾಡುತ್ತವೆ. ಸೂಕ್ಷ್ಮದರ್ಶಕದ ಚಿತ್ರದ ಜೊತೆಗಿಟ್ಟೇ ಅದನ್ನು ಓದಬೇಕು.

ರಕ್ತಕ್ಕೆ ಬಿದ್ದ ಕಣ ಬೆತ್ತಲೆಯಾಗಿ ಉಳಿಯುವುದಿಲ್ಲ. ಕ್ಷಣಾರ್ಧದಲ್ಲಿ ಅದರ ಮೈಗೆ ಪ್ರೋಟೀನ್‌ಗಳ ಪದರ ಅಂಟಿಕೊಳ್ಳುತ್ತದೆ. ಇದಕ್ಕೆ ಪ್ರೋಟೀನ್ ಕೊರೋನಾ ಎನ್ನುತ್ತಾರೆ. ಪ್ರತಿಕಾಯಗಳಾದ ಇಮ್ಯುನೊಗ್ಲಾಬ್ಯುಲಿನ್, ಕಾಂಪ್ಲಿಮೆಂಟ್ ಎಂಬ ರಕ್ಷಕ ಪ್ರೋಟೀನ್ ಗುಂಪಿನ ಸಿ3, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜೆನ್ ಅಂಟಿದರೆ ಮ್ಯಾಕ್ರೋಫೇಜ್‌ಗಳು ಬೇಗ ನುಂಗುತ್ತವೆ. ಆದ್ದರಿಂದ ಪ್ರಯೋಗಕ್ಕೆ ಬಳಸುವ ಪ್ರಾಣಿಯದೇ ಸೀರಂನಲ್ಲಿ ಕಣವನ್ನು ಒಂದು ಗಂಟೆ, 24 ಗಂಟೆ ಇಟ್ಟು ಗಾತ್ರ ಮತ್ತೆ ಅಳೆಯಿರಿ. ದನದ ಸೀರಂನಲ್ಲಿ ಬಂದ ಅಂಕಿ ಇಲಿಯ ರಕ್ತಕ್ಕೆ ಸಲ್ಲುವುದಿಲ್ಲ.

ಕರಗುವಿಕೆಯನ್ನೂ ಇದೇ ಹಂತದಲ್ಲಿ ನೋಡಿ. ಜೀವಕೋಶ ಕಣವನ್ನು ನುಂಗಿದ ಮೇಲೆ ಅದು ಸೇರುವ ಲೈಸೋಸೋಮ್‌ನ ಪಿಎಚ್ ಸುಮಾರು 4.5ರಿಂದ 5. ರಕ್ತದ ಪಿಎಚ್‌ನಲ್ಲಿ ಗಟ್ಟಿಯಾಗಿದ್ದ ಸತುವಿನ ಆಕ್ಸೈಡ್ ಅಲ್ಲಿ ಕರಗಿ ಸತುವಿನ ಅಯಾನುಗಳನ್ನು ಜೀವಕೋಶದ ಒಳಗೇ ಸುರಿಯುತ್ತದೆ. ಟೈಟಾನಿಯಂ ಡೈಆಕ್ಸೈಡ್ ಹಾಗೆ ಕರಗುವುದಿಲ್ಲ. ಉಳಿದುಕೊಳ್ಳುವುದೇ ಅದರ ಸಮಸ್ಯೆ. ಈ ಎರಡು ಬಗೆಯ ಕಣಗಳಿಗೆ ಪ್ರಯೋಗದ ಅವಧಿಯನ್ನು ಒಂದೇ ಆಗಿ ಇಡುವುದು ಸರಿಯಲ್ಲ.

ಹಂತ 3: ಎಂಡೋಟಾಕ್ಸಿನ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ

ರೋಗನಿರೋಧಕ ಶಕ್ತಿಯ ಮೇಲಿನ ಪರಿಣಾಮ ನೋಡುವವರಿಗೆ ಇಡೀ ಮಾರ್ಗದರ್ಶಿಯಲ್ಲಿ ಇದಕ್ಕಿಂತ ಮುಖ್ಯ ಹಂತವಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಎಂಡೋಟಾಕ್ಸಿನ್ ಎಂದರೆ ಗ್ರಾಮ್-ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯ ಲಿಪೊಪಾಲಿಸ್ಯಾಕರೈಡ್. ನೀರಿನಲ್ಲಿ, ಗಾಜಿನ ಸಾಮಾನಿನಲ್ಲಿ, ರಾಸಾಯನಿಕಗಳಲ್ಲಿ ಎಲ್ಲೆಲ್ಲೂ ಇರುತ್ತದೆ. ನ್ಯಾನೋಕಣದ ವಿಶಾಲ ಮೇಲ್ಮೈ ಅದನ್ನು ಸುಲಭವಾಗಿ ಹಿಡಿದುಕೊಳ್ಳುತ್ತದೆ. ಇಂಥ ಕಣ ಚುಚ್ಚಿದಾಗ ಉರಿಯೂತದ ಸಂಕೇತ ಪ್ರೋಟೀನ್‌ಗಳಾದ (ಸೈಟೋಕೈನ್) ಟಿಎನ್‌ಎಫ್, ಐಎಲ್-6 ಏರಿದರೆ, ಏರಿಸಿದ್ದು ಕಣವೋ ಬ್ಯಾಕ್ಟೀರಿಯಾದ ಚೂರೋ?

ಒತ್ತಡದ ಹಬೆಯಲ್ಲಿ ಆಟೋಕ್ಲೇವ್ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಎಂಡೋಟಾಕ್ಸಿನ್ ಉಳಿಯುತ್ತದೆ. 0.22 ಮೈಕ್ರೋಮೀಟರ್ ಸೋಸುಗದಿಂದಲೂ ಅದು ದಾಟಿ ಹೋಗುತ್ತದೆ. ಗಾಜಿನ ಸಾಮಾನನ್ನು 250 ಡಿಗ್ರಿ ಸೆಲ್ಸಿಯಸ್ ಒಣ ಶಾಖದಲ್ಲಿ 30 ನಿಮಿಷ ಇಟ್ಟರೆ ಹೋಗುತ್ತದೆ. ಲೇಪನವಿರುವ ಹೆಚ್ಚಿನ ಕಣಗಳು ಆ ಶಾಖ ತಡೆಯುವುದಿಲ್ಲ. ಕಣಗಳನ್ನು ಮೊದಲಿನಿಂದಲೂ ಪೈರೋಜನ್-ಮುಕ್ತ (ಜ್ವರ ತರುವ ಕಲ್ಮಶವಿಲ್ಲದ) ನೀರಿನಲ್ಲಿ, ಸ್ವಚ್ಛ ಸಾಮಾನಿನಲ್ಲಿ ತಯಾರಿಸುವುದೇ ದಾರಿ.

ಪರೀಕ್ಷೆಗೆ ಹಾರ್ಸ್‌ಶೂ ಏಡಿಯ ರಕ್ತಕೋಶಗಳ ಸಾರ ಬಳಸುವ ಎಲ್‌ಎಎಲ್ ವಿಧಾನ ರೂಢಿಯಲ್ಲಿದೆ. ಇಲ್ಲೂ ಒಂದು ಕುಣಿಕೆಯಿದೆ. ಬಣ್ಣ ಅಳೆಯುವ ಎಲ್‌ಎಎಲ್ ಪರೀಕ್ಷೆ 405 ನ್ಯಾನೋಮೀಟರ್ ತರಂಗಾಂತರದಲ್ಲಿ ಓದುತ್ತದೆ, ಬೆಳ್ಳಿ ಕಣ ಬೆಳಕು ಹೀರುವುದೂ ಹೆಚ್ಚುಕಡಿಮೆ ಅಲ್ಲೇ. ಸೆಲ್ಯುಲೋಸ್ ಸೋಸುಗದಿಂದ ಬರುವ ಬೀಟಾ-ಗ್ಲೂಕನ್ ಕೂಡ ಎಂಡೋಟಾಕ್ಸಿನ್‌ನಂತೆ ನಟಿಸಬಲ್ಲದು. ಆದ್ದರಿಂದ ಕಣದ ಮಾದರಿಗೆ ಗೊತ್ತಿರುವ ಪ್ರಮಾಣದ ಎಂಡೋಟಾಕ್ಸಿನ್ ಬೆರೆಸಿ, ಎಷ್ಟು ಮರಳಿ ಸಿಗುತ್ತದೆ ನೋಡಿ. 50ರಿಂದ 200 ಶೇಕಡಾ ಒಳಗೆ ಬಂದರೆ ಮಾತ್ರ ಪರೀಕ್ಷೆಯನ್ನು ನಂಬಬಹುದು. ಬರದಿದ್ದರೆ ದ್ರವ ಗಟ್ಟಿಯಾಗುವುದನ್ನು ನೋಡುವ ಜೆಲ್-ಕ್ಲಾಟ್ ಅಥವಾ ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರೋಟೀನ್ ಬಳಸುವ ರಿಕಾಂಬಿನೆಂಟ್ ಫ್ಯಾಕ್ಟರ್ ಸಿ ವಿಧಾನಕ್ಕೆ ಬದಲಾಯಿಸಿ ಮತ್ತೆ ಮಾಡಿ.

ಹಂತ 4: ದಾರಿ, ಪ್ರಮಾಣ, ಹೋಲಿಕೆ ಗುಂಪುಗಳು

ಕಣ ನಿಜಜೀವನದಲ್ಲಿ ಯಾವ ದಾರಿಯಿಂದ ದೇಹ ಸೇರುತ್ತದೆಯೋ ಪ್ರಯೋಗದಲ್ಲೂ ಅದೇ ದಾರಿ ಹಿಡಿಯಬೇಕು. ಆಹಾರದ ಕಣಕ್ಕೆ ಬಾಯಿ, ಕಾರ್ಖಾನೆಯ ಧೂಳಿಗೆ ಉಸಿರು, ಔಷಧ ವಾಹಕಕ್ಕೆ ರಕ್ತನಾಳ. ಉಸಿರಾಟದ ಕೋಣೆ ದುಬಾರಿಯೆಂದು ಶ್ವಾಸನಾಳಕ್ಕೆ ಒಮ್ಮೆಲೇ ದ್ರವ ಸುರಿಯುವುದು ಸಾಮಾನ್ಯ. ಕಣಗಳನ್ನು ಪರಸ್ಪರ ಹೋಲಿಸಲು ಅದು ಸರಿ, ಸುರಕ್ಷಿತ ಮಟ್ಟ ನಿರ್ಧರಿಸಲು ಸರಿಯಲ್ಲ. ತಿಂಗಳುಗಟ್ಟಲೆ ಸೇರಬೇಕಾದದ್ದು ಒಂದೇ ಕ್ಷಣದಲ್ಲಿ ಬಿದ್ದಾಗ ಶ್ವಾಸಕೋಶ ಬೇರೆ ರೀತಿಯಲ್ಲೇ ಪ್ರತಿಕ್ರಿಯಿಸುತ್ತದೆ.

ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ (ಒಇಸಿಡಿ) ಸಂಖ್ಯೆ ಹಾಕಿದ ಪರೀಕ್ಷಾ ಸೂತ್ರಗಳನ್ನು ಹಿಡಿದು ಹೊರಡಿ: ಬಾಯಿಯ ಮೂಲಕ 28 ದಿನಕ್ಕೆ 407, 90 ದಿನಕ್ಕೆ 408; ಉಸಿರಿನ ಮೂಲಕ 28 ದಿನಕ್ಕೆ 412, 90 ದಿನಕ್ಕೆ 413. ಕೊನೆಯ ಎರಡನ್ನು 2018ರಲ್ಲಿ ನ್ಯಾನೋವಸ್ತುಗಳಿಗೆ ಒಗ್ಗುವಂತೆ ಪರಿಷ್ಕರಿಸಿ, ಶ್ವಾಸಕೋಶ ತೊಳೆದ ದ್ರವದ ಪರೀಕ್ಷೆಯನ್ನೂ ಶ್ವಾಸಕೋಶದಲ್ಲಿ ಉಳಿದ ಕಣದ ಅಳತೆಯನ್ನೂ ಸೇರಿಸಿದ್ದಾರೆ.

ಪ್ರಮಾಣವನ್ನು ತೂಕದಲ್ಲಷ್ಟೇ ಬರೆಯಬೇಡಿ. ಇಲಿಗಳಿಗೆ 20 ಮತ್ತು 250 ನ್ಯಾನೋಮೀಟರ್‌ನ ಟೈಟಾನಿಯಂ ಡೈಆಕ್ಸೈಡ್ ಕೊಟ್ಟ, ಗುಂಟರ್ ಓಬರ್ಡೋರ್ಸ್ಟರ್ ಮತ್ತು ಸಂಗಡಿಗರ ಅಧ್ಯಯನಗಳಲ್ಲಿ ಸಮಾನ ತೂಕಕ್ಕೆ ಸಣ್ಣ ಕಣ ಹೆಚ್ಚು ಉರಿಯೂತ ಉಂಟುಮಾಡಿತು. ತೂಕದ ಬದಲು ಮೇಲ್ಮೈ ವಿಸ್ತೀರ್ಣದ ಮೇಲೆ ಗ್ರಾಫ್ ಎಳೆದಾಗ ಎರಡೂ ಒಂದೇ ರೇಖೆಯ ಮೇಲೆ ಬಂದು ಕೂತವು. ತೂಕ, ಕಣಗಳ ಸಂಖ್ಯೆ, ಮೇಲ್ಮೈ ಮೂರನ್ನೂ ಬರೆದರೆ ಮುಂದೆ ಓದುವವರು ತಮಗೆ ಬೇಕಾದುದನ್ನು ಆರಿಸಿಕೊಳ್ಳುತ್ತಾರೆ.

ಕಣವಿಲ್ಲದ ಬರೀ ದ್ರವ ಕೊಟ್ಟ ಗುಂಪೊಂದು ಇದ್ದರೆ ಸಾಲದು. ಲೋಹದ ಕಣವಾದರೆ ಅದರ ಲವಣ ಕೊಟ್ಟ ಗುಂಪು ಬೇಕು: ಬೆಳ್ಳಿಗೆ ಬೆಳ್ಳಿ ನೈಟ್ರೇಟ್, ಸತುವಿನ ಆಕ್ಸೈಡ್‌ಗೆ ಸತುವಿನ ಕ್ಲೋರೈಡ್. ಹಾನಿ ಅಯಾನಿನದೋ ಕಣದ್ದೋ ಎಂದು ಬೇರ್ಪಡಿಸಲು ಇದೇ ದಾರಿ. ಅದೇ ವಸ್ತುವಿನ ದೊಡ್ಡ ಪುಡಿಯ ಗುಂಪು, ಲೇಪನದ್ದೇ ಒಂದು ಗುಂಪು, ಕಣಗಳನ್ನು ಸೋಸಿ ತೆಗೆದ ಮೇಲೆ ಉಳಿದ ದ್ರವದ ಗುಂಪು ಕೂಡ ಇರಲಿ. ಅಷ್ಟೊಂದು ಪ್ರಾಣಿಗಳೇ ಎಂದು ಮನಸ್ಸು ಅಳುಕಿದರೆ ಈ ಹೋಲಿಕೆಗಳಲ್ಲಿ ಕೆಲವನ್ನು ಮೊದಲು ಜೀವಕೋಶಗಳಲ್ಲಿ ಮಾಡಿ, ಉಳಿದವನ್ನಷ್ಟೇ ಪ್ರಾಣಿಗೆ ಒಯ್ಯಿರಿ.

ಕೊಡುವ ದ್ರವದ ಪ್ರಮಾಣಕ್ಕೂ ಮಿತಿಯಿದೆ. ಸುಂಡಿಲಿಗೆ ಬಾಯಿಯ ಮೂಲಕ ಕೆಜಿಗೆ 10 ಮಿಲಿ, ರಕ್ತನಾಳಕ್ಕೆ ಕೆಜಿಗೆ 5 ಮಿಲಿ ಒಳ್ಳೆಯ ರೂಢಿ. ಕಣ ಚದುರಿಸಲು ಸಾನಿಕೇಟರ್‌ನ (ಶ್ರವಣಾತೀತ ಧ್ವನಿಯಿಂದ ಕಲಕುವ ಯಂತ್ರ) ಕಡ್ಡಿಯನ್ನು ನೇರ ಮುಳುಗಿಸಿದರೆ ಅದರ ತುದಿ ಸವೆದು ಟೈಟಾನಿಯಂ ಚೂರು ದ್ರವಕ್ಕೆ ಸೇರುತ್ತದೆ ಎಂಬುದು ನೆನಪಿರಲಿ. ಟೈಟಾನಿಯಂ ಅಳೆಯುವವರಿಗೆ ಇದು ದೊಡ್ಡ ತಲೆನೋವು.

ಹಂತ 5: ಕಣ ಎಲ್ಲಿ ಹೋಯಿತೆಂದು ಹುಡುಕಿ

ಹಾನಿ ಹುಡುಕುವ ಮೊದಲು ಕಣ ಹುಡುಕಬೇಕು. ಅಂಗಾಂಶವನ್ನು ಆಮ್ಲದಲ್ಲಿ ಕರಗಿಸಿ, ಧಾತುಗಳನ್ನು ಅಳೆಯುವ ಐಸಿಪಿ-ಎಂಎಸ್‌ ಯಂತ್ರದಲ್ಲಿ ಅಳೆದರೆ ಒಟ್ಟು ಲೋಹ ಎಷ್ಟಿದೆ ಎಂದು ತಿಳಿಯುತ್ತದೆ. ಅದು ಕಣವಾಗಿ ಉಳಿದಿದೆಯೋ ಅಯಾನಾಗಿದೆಯೋ ತಿಳಿಯುವುದಿಲ್ಲ. ಅದಕ್ಕೆ ಕಣಗಳನ್ನು ಒಂದೊಂದಾಗಿ ಅಳೆಯುವ ಸಿಂಗಲ್-ಪಾರ್ಟಿಕಲ್ ವಿಧಾನ ಅಥವಾ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು.

ಸೂಕ್ಷ್ಮದರ್ಶಕದಲ್ಲಿ ಜೀವಕೋಶದೊಳಗೆ ಕಂಡ ಕಪ್ಪು ಚುಕ್ಕೆಯನ್ನೆಲ್ಲ ಕಣವೆಂದು ಬರೆಯಬಾರದು. ಅಂಗಾಂಶಕ್ಕೆ ಹಾಕುವ ಆಸ್ಮಿಯಂ, ಸೀಸ, ಯುರೇನಿಯಂ ಬಣ್ಣಗಳ ಹರಳುಗಳೂ ಹಾಗೆಯೇ ಕಾಣುತ್ತವೆ. ಎಕ್ಸ್‌ರೇ ವಿಶ್ಲೇಷಣೆಯಿಂದ ಆ ಚುಕ್ಕೆಯಲ್ಲಿ ಯಾವ ಧಾತುವಿದೆಯೆಂದು ಖಚಿತಪಡಿಸಿಕೊಳ್ಳಿ. ಬೆಳ್ಳಿಯ ವಿಷಯದಲ್ಲಿ ಇನ್ನೂ ಒಂದು ತೊಡಕು: ಕರಗಿದ ಬೆಳ್ಳಿ ಅಂಗಾಂಶದೊಳಗೆ ಗಂಧಕ, ಸೆಲೆನಿಯಂ ಜೊತೆ ಸೇರಿ ಹೊಸ ಕಣಗಳಾಗಿ ಮತ್ತೆ ಹುಟ್ಟುತ್ತದೆ. ನೀವು ಕಂಡದ್ದು ಕೊಟ್ಟ ಕಣವೇ ಆಗಿರಬೇಕೆಂದಿಲ್ಲ.

ದಾರಿಗಳ ಸ್ಥೂಲ ನಕಾಶೆ ಹೀಗಿದೆ. ರಕ್ತಕ್ಕೆ ಸೇರಿಸಿದ ಕಣಗಳ ಬಹುಪಾಲು ಯಕೃತ್ತು, ಗುಲ್ಮ ಸೇರುತ್ತದೆ. ಕ್ವಾಂಟಮ್ ಡಾಟ್‌ಗಳೆಂಬ ಹೊಳೆಯುವ ಅರೆವಾಹಕ ಕಣಗಳನ್ನು ಬಳಸಿ 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದಂತೆ, ದ್ರವದಲ್ಲಿ ಸುಮಾರು 5.5 ನ್ಯಾನೋಮೀಟರ್‌ಗಿಂತ ಚಿಕ್ಕವು ಮಾತ್ರ ಮೂತ್ರದಲ್ಲಿ ಬೇಗ ಹೊರಹೋಗುತ್ತವೆ. ನುಂಗಿದ ಕಣದ ಬಹುಪಾಲು ಮಲದಲ್ಲಿ ಹೋಗುತ್ತದೆ, ಚೂರುಪಾರು ಕರುಳಿನ ಗೋಡೆಯ ರೋಗನಿರೋಧಕ ಅಂಗಾಂಶವಾದ ಪೇಯರ್ ತೇಪೆಗಳನ್ನು ಹೊಗುತ್ತದೆ. ಮೂಗಿನಿಂದ ಘ್ರಾಣನರದ ಗುಂಟ ಮಿದುಳಿಗೆ ಹೋಗುವ ದಾರಿಯೂ ಇಲಿಗಳಲ್ಲಿ ಸಾಬೀತಾಗಿದೆ. ಮ್ಯಾಂಗನೀಸ್ ಆಕ್ಸೈಡ್ ಹಾಗೆ ಹೋದದ್ದನ್ನು 2006ರಲ್ಲಿ ತೋರಿಸಿದರು. ಇಲಿಯ ಮೂಗಿನ ಒಳಪದರದ ಸುಮಾರು ಅರ್ಧ ವಾಸನೆಗೇ ಮೀಸಲು, ಮನುಷ್ಯನಲ್ಲಿ ಅದು ಬಹಳ ಕಡಿಮೆ ಎಂಬುದನ್ನು ಮರೆತು ಈ ಫಲಿತಾಂಶವನ್ನು ಮನುಷ್ಯರಿಗೆ ಅನ್ವಯಿಸಬಾರದು.

ಹಂತ 6: ಅಂಗಗಳನ್ನು ಒಂದೊಂದಾಗಿ ನೋಡಿ

ಯಕೃತ್ತಿನಿಂದ ಶುರುಮಾಡಿ. ಅಲ್ಲಿನ ಮ್ಯಾಕ್ರೋಫೇಜ್‌ಗಳಾದ ಕುಪ್ಫರ್ ಕೋಶಗಳೇ ರಕ್ತದಲ್ಲಿನ ಕಣಗಳನ್ನು ಹಿಡಿಯುವ ಮುಖ್ಯ ಪಡೆ. ಸುಂಡಿಲಿಗಳಿಗೆ ಚುಚ್ಚಿದ 40 ನ್ಯಾನೋಮೀಟರ್ ಚಿನ್ನದ ಬಹುಪಾಲು ಆರು ತಿಂಗಳ ನಂತರವೂ ಆ ಕೋಶಗಳಲ್ಲೇ ಕೂತಿತ್ತು. ರಕ್ತದಲ್ಲಿ ಎಎಲ್‌ಟಿ, ಎಎಸ್‌ಟಿ ಎಂಬ ಯಕೃತ್ತಿನ ಕಿಣ್ವಗಳು ಏರದಿದ್ದ ಮಾತ್ರಕ್ಕೆ ಯಕೃತ್ತು ಕ್ಷೇಮವೆಂದಲ್ಲ. ಆ ಕಿಣ್ವಗಳು ಹೇಳುವುದು ಯಕೃತ್ತಿನ ಮುಖ್ಯ ಕೋಶಗಳು ಒಡೆದ ಕಥೆ, ಕುಪ್ಫರ್ ಕೋಶ ತುಂಬಿಕೊಂಡ ಕಥೆಯಲ್ಲ. ಅಂಗಾಂಶದ ಸೀಳುಗಳಲ್ಲಿ ಉರಿಯೂತದ ಗುಂಪುಗಳನ್ನು, ನಾರುಗಟ್ಟಿರುವುದನ್ನು ಬಣ್ಣ ಹಾಕಿ ನೋಡಿ.

ಮೂತ್ರಪಿಂಡಕ್ಕೆ ಕ್ರಿಯಾಟಿನಿನ್ ತಡವಾದ ಸೂಚಕ. ಸಾಕಷ್ಟು ಹಾನಿಯಾದ ಮೇಲಷ್ಟೇ ಅದು ಏರುತ್ತದೆ. ಮೂತ್ರದಲ್ಲಿ ಕಿಮ್-1 ಎಂಬ ಪ್ರೋಟೀನ್ ಅಳೆದರೆ ನಾಳಿಕೆಗಳ ಗಾಯ ಮೊದಲೇ ಗೊತ್ತಾಗುತ್ತದೆ.

ಶ್ವಾಸಕೋಶದಲ್ಲಿ ತೊಳೆದು ತೆಗೆದ ದ್ರವವೇ ಕನ್ನಡಿ. ಆರೋಗ್ಯವಂತ ಇಲಿಯಲ್ಲಿ ಆ ದ್ರವದ ಕೋಶಗಳ ಬಹುಪಾಲು ಮ್ಯಾಕ್ರೋಫೇಜ್‌ಗಳು. ನ್ಯೂಟ್ರೋಫಿಲ್‌ಗಳೆಂಬ ಬಿಳಿ ರಕ್ತಕಣಗಳು ಕಾಣಿಸಿಕೊಂಡರೆ ಉರಿಯೂತ. ಒಟ್ಟು ಪ್ರೋಟೀನ್ ಏರಿದರೆ ಗಾಳಿಚೀಲದ ಗೋಡೆ ಸೋರುತ್ತಿದೆ. ಕೋಶದೊಳಗಿನ ಕಿಣ್ವವಾದ ಎಲ್‌ಡಿಎಚ್ ಏರಿದರೆ ಕೋಶಗಳು ಸಾಯುತ್ತಿವೆ. ಇಲಿಯ ಮ್ಯಾಕ್ರೋಫೇಜ್‌ಗಳು ಕರಗದ ಧೂಳಿನ ಅರ್ಧವನ್ನು ಹೊರಹಾಕಲು ಸಾಮಾನ್ಯವಾಗಿ 60ರಿಂದ 70 ದಿನ ತೆಗೆದುಕೊಳ್ಳುತ್ತವೆ. ಪ್ರಮಾಣ ಅತಿಯಾದರೆ ಆ ಕೆಲಸವೇ ನಿಂತುಹೋಗುತ್ತದೆ, ಆಗ ಯಾವ ನಿರುಪದ್ರವಿ ಧೂಳೂ ಇಲಿಯಲ್ಲಿ ಉರಿಯೂತ ತರಬಲ್ಲದು. ಅತಿ ಹೆಚ್ಚಿನ ಪ್ರಮಾಣದಲ್ಲಿ ಮಾತ್ರ ಹಾನಿ ಕಂಡಾಗ ಈ ಸಾಧ್ಯತೆಯನ್ನು ಚರ್ಚಿಸಲೇಬೇಕು.

ಇಂಗಾಲದ ನ್ಯಾನೋಕೊಳವೆಗಳ ಮಾತು ಬೇರೆ. ಅಲ್ಲಿ ಉದ್ದವೇ ಅಪಾಯ. ಉದ್ದನೆಯ ಬಹುಪದರದ ಕೊಳವೆಗಳನ್ನು ಸುಂಡಿಲಿಯ ಉದರದ ಕುಹರಕ್ಕೆ ಹಾಕಿದಾಗ ಆಸ್ಬೆಸ್ಟಾಸ್ ತರಹದ್ದೇ ಉರಿಯೂತ ಮತ್ತು ಗಂಟುಗಳು ಮೂಡಿದವು, ಗಿಡ್ಡ ಹಾಗೂ ಸಿಕ್ಕುಗಟ್ಟಿದ ಕೊಳವೆಗಳಿಂದ ಹಾಗಾಗಲಿಲ್ಲ ಎಂದು 2008ರಲ್ಲಿ ವರದಿಯಾಯಿತು. ಮ್ಯಾಕ್ರೋಫೇಜ್ ತನ್ನಷ್ಟೇ ಉದ್ದದ ನಾರನ್ನು ಪೂರ್ತಿ ನುಂಗಲಾಗದೆ, ಉಗುಳಲೂ ಆಗದೆ, ಕಿಣ್ವಗಳನ್ನೂ ಆಕ್ಸಿಡೀಕಾರಕಗಳನ್ನೂ ಸುತ್ತ ಚೆಲ್ಲುತ್ತಾ ಹೋಗುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎಂಡಬ್ಲ್ಯುಸಿಎನ್‌ಟಿ-7 ಎಂಬ ಒಂದು ಬಗೆಯನ್ನು ಮಾತ್ರ 2ಬಿ ವರ್ಗಕ್ಕೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯಿದೆ ಎಂಬ ಪಟ್ಟಿಗೆ ಸೇರಿಸಿತು.

ಕರುಳಿನ ಬಗ್ಗೆ ಗಮನ ತಿರುಗಿಸಿದ್ದು ಬಿಳಿ ಬಣ್ಣಕ್ಕೆ ಆಹಾರದಲ್ಲಿ ಬಳಸುತ್ತಿದ್ದ ಟೈಟಾನಿಯಂ ಡೈಆಕ್ಸೈಡ್, ಇ171. ಅದರಲ್ಲಿ ನ್ಯಾನೋ ಗಾತ್ರದ್ದು ಒಂದು ಭಾಗ ಮಾತ್ರ. 100 ದಿನ ಕುಡಿಸಿದ ಇಲಿಗಳ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್‌ಪೂರ್ವ ಬದಲಾವಣೆಗಳು ಕಂಡವೆಂದು 2017ರಲ್ಲಿ ವರದಿಯಾಯಿತು. ಡಿಎನ್‌ಎಗೆ ಹಾನಿಯಾಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬ ಕಾರಣಕ್ಕೆ 2021ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಇದು ಇನ್ನು ಸುರಕ್ಷಿತವಲ್ಲ ಎಂದಿತು, 2022ರಲ್ಲಿ ಯುರೋಪಿಯನ್ ಒಕ್ಕೂಟ ಆಹಾರದಲ್ಲಿ ಅದನ್ನು ನಿಷೇಧಿಸಿತು.

ಗರ್ಭಿಣಿ ಪ್ರಾಣಿಗಳಲ್ಲಿ ಮಾಸುವನ್ನೂ ಮರಿಯನ್ನೂ ನೋಡದೆ ಬಿಡಬಾರದು. ಗರ್ಭಿಣಿ ಸುಂಡಿಲಿಗಳ ರಕ್ತನಾಳಕ್ಕೆ 70 ನ್ಯಾನೋಮೀಟರ್ ಸಿಲಿಕಾ, 35 ನ್ಯಾನೋಮೀಟರ್ ಟೈಟಾನಿಯಂ ಡೈಆಕ್ಸೈಡ್ ಚುಚ್ಚಿದಾಗ ಗರ್ಭದ ತೊಡಕುಗಳು ಕಂಡವು. 300 ಮತ್ತು 1000 ನ್ಯಾನೋಮೀಟರ್ ಸಿಲಿಕಾದಿಂದ ಕಾಣಲಿಲ್ಲ. ಮೀನುಗಳಲ್ಲಿ ಕಿವಿರು ಮೊದಲು ನೋಡಬೇಕಾದ ಅಂಗ.

ಹಂತ 7: ರೋಗನಿರೋಧಕ ವ್ಯವಸ್ಥೆಯನ್ನು ಕೆಲಸಕ್ಕೆ ಹಚ್ಚಿ ಪರೀಕ್ಷಿಸಿ

ಬಿಳಿ ರಕ್ತಕಣಗಳ ಎಣಿಕೆ, ಗುಲ್ಮದ ತೂಕ, ಟಿ ಕೋಶಗಳು ಬೆಳೆಯುವ ಥೈಮಸ್‌ನ ತೂಕ, ಟಿ ಕೋಶಗಳ ಎರಡು ಬಗೆಗಳಾದ ಸಿಡಿ4 ಮತ್ತು ಸಿಡಿ8 ಕೋಶಗಳ ಅನುಪಾತ ಇವೆಲ್ಲ ಆರಂಭ ಮಾತ್ರ. ಥೈಮಸ್ ಕುಗ್ಗಿದರೆ ಕೂಡಲೇ ಕಣದ ಮೇಲೆ ಆರೋಪ ಹೊರಿಸಬೇಡಿ. ಪದೇ ಪದೇ ಹಿಡಿದು ಚುಚ್ಚುವ ಒತ್ತಡಕ್ಕೇ ಅದು ಕುಗ್ಗುತ್ತದೆ. ದೇಹತೂಕವೂ ಇಳಿದಿದೆಯೇ, ಬರೀ ದ್ರವ ಕೊಟ್ಟ ಗುಂಪಿನಲ್ಲೂ ಹೀಗಾಗಿದೆಯೇ ನೋಡಿ.

ಹುಟ್ಟಿನಿಂದ ಬಂದ ರೋಗನಿರೋಧಕತೆಯಲ್ಲಿ ಮೂರು ಸಂಗತಿ ನೋಡಬೇಕು. ಮೊದಲನೆಯದು ಉರಿಯೂತ ಹಚ್ಚುವ ಪ್ರೋಟೀನ್ ಸಂಕೀರ್ಣವಾದ ಇನ್‌ಫ್ಲಮಸೋಮ್: ಮ್ಯಾಕ್ರೋಫೇಜ್ ನುಂಗಿದ ಸಿಲಿಕಾ ಅಥವಾ ಟೈಟಾನಿಯಂ ಡೈಆಕ್ಸೈಡ್ ಎನ್‌ಎಲ್‌ಆರ್‌ಪಿ3 ಸಂಕೀರ್ಣವನ್ನು ಎಬ್ಬಿಸಿ ಐಎಲ್-1 ಬೀಟಾ ಎಂಬ ಸೈಟೋಕೈನ್ ಬಿಡಿಸುತ್ತದೆ. ಎರಡನೆಯದು ನ್ಯೂಟ್ರೋಫಿಲ್‌ಗಳ ನುಗ್ಗುವಿಕೆ. ಮೂರನೆಯದು ಕಾಂಪ್ಲಿಮೆಂಟ್. ಲಿಪೋಸೋಮ್ (ಕೊಬ್ಬಿನ ಪೊರೆಯ ಪುಟ್ಟ ಚೀಲ) ತರಹದ ಕಣಗಳನ್ನು ರಕ್ತಕ್ಕೆ ಬಿಟ್ಟ ಕೆಲವೇ ನಿಮಿಷಗಳಲ್ಲಿ ಕಾಂಪ್ಲಿಮೆಂಟ್ ಕೆರಳಿ ರಕ್ತದೊತ್ತಡ, ಉಸಿರಾಟ ಏರುಪೇರಾಗುವುದುಂಟು. ಹಿಂದೆಂದೂ ಕಣದ ಪರಿಚಯವಿಲ್ಲದಿದ್ದರೂ ಅಲರ್ಜಿಯಂತೆ ಕಾಣುವ ಈ ಪ್ರತಿಕ್ರಿಯೆಗೆ ಹಂದಿ ಬಹಳ ಸೂಕ್ಷ್ಮ. ಇಲಿಗೆ ತುಂಬ ಹೆಚ್ಚಿನ ಪ್ರಮಾಣ ಬೇಕು. ಇಲಿಯಲ್ಲಿ ಏನೂ ಆಗಲಿಲ್ಲವೆಂಬ ಭರವಸೆ ಇಲ್ಲಿ ಕೆಲಸಕ್ಕೆ ಬಾರದು.

ಕಲಿತು ಬರುವ ರೋಗನಿರೋಧಕತೆಗೆ ನಾನು ಮೊದಲ ಸ್ಥಾನ ಕೊಡುವುದು ಟಿಡಿಎಆರ್ (ಟಿ ಕೋಶ ಅವಲಂಬಿತ ಪ್ರತಿಕಾಯ ಪ್ರತಿಕ್ರಿಯೆ) ಪರೀಕ್ಷೆಗೆ. ಪ್ರಾಣಿಗೆ ಕೆಎಲ್‌ಎಚ್ ಎಂಬ ಪರಕೀಯ ಪ್ರೋಟೀನ್ ಕೊಟ್ಟು ಅದಕ್ಕೆ ಎಷ್ಟು ಪ್ರತಿಕಾಯ ಹುಟ್ಟುತ್ತದೆಂದು ಅಳೆಯುವುದು. ಪ್ರೋಟೀನನ್ನು ಗುರುತಿಸುವ ಕೋಶ, ಟಿ ಕೋಶ, ಬಿ ಕೋಶ ಮೂರೂ ಕೈಜೋಡಿಸಿದರೆ ಮಾತ್ರ ಪ್ರತಿಕಾಯ ಬರುವುದರಿಂದ, ಯಾವ ಕೊಂಡಿ ಕಳಚಿದರೂ ಇಲ್ಲಿ ಗೊತ್ತಾಗುತ್ತದೆ. ಸುಂಡಿಲಿಗಳು ಬಹುಪದರದ ನ್ಯಾನೋಕೊಳವೆಗಳನ್ನು 14 ದಿನ ಉಸಿರಾಡಿದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶ್ವಾಸಕೋಶಕ್ಕೆ ಹೇಳಿಕೊಳ್ಳುವಂಥ ಗಾಯವಾಗಿರಲಿಲ್ಲ. ಆದರೆ ಪ್ರತಿಕಾಯ ಉತ್ಪಾದನೆ ಕುಗ್ಗಿತ್ತು. ಶ್ವಾಸಕೋಶದಿಂದ ಹೊರಟ ಸಂಕೇತ ಗುಲ್ಮದ ಕೋಶಗಳನ್ನು ಮಂಕಾಗಿಸುತ್ತದೆ ಎಂದು ಅದೇ ತಂಡ ಮುಂದೆ ತೋರಿಸಿತು. ಕಣ ಸೇರಿದ ಅಂಗವನ್ನಷ್ಟೇ ಪರೀಕ್ಷಿಸಿ ಸುಮ್ಮನಾದರೆ ಇಂಥದ್ದು ತಪ್ಪಿಹೋಗುತ್ತದೆ.

ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) ಲೇಪಿತ ಕಣವಾದರೆ ಎರಡನೇ ಚುಚ್ಚುಮದ್ದು ಕೊಡದೆ ಅಧ್ಯಯನ ಮುಗಿಸಬೇಡಿ. ಮೊದಲ ಡೋಸ್‌ಗೆ ಗುಲ್ಮದಲ್ಲಿ ಪಿಇಜಿ ವಿರುದ್ಧ ಐಜಿಎಂ ಪ್ರತಿಕಾಯ ಹುಟ್ಟಿ, ಕೆಲವು ದಿನಗಳ ನಂತರ ಕೊಟ್ಟ ಎರಡನೇ ಡೋಸ್ ರಕ್ತದಿಂದ ಬೇಗ ಮಾಯವಾಗಿ ಯಕೃತ್ತಿನಲ್ಲಿ ರಾಶಿಬೀಳುತ್ತದೆ. ಒಂದೇ ಡೋಸ್‌ನ ಅಧ್ಯಯನಕ್ಕೆ ಇದು ಕಾಣುವುದೇ ಇಲ್ಲ.

ಮಸ್ಸೆಲ್ ಚಿಪ್ಪುಜೀವಿ, ಎರೆಹುಳುಗಳಲ್ಲಿ ಪ್ರತಿಕಾಯಗಳಿಲ್ಲ. ಅವುಗಳ ದೇಹದ್ರವದ ಕೋಶಗಳು ಕಣ ನುಂಗುವ ಸಾಮರ್ಥ್ಯವನ್ನೂ ಅವುಗಳ ಲೈಸೋಸೋಮ್‌ಗಳ ಗಟ್ಟಿತನವನ್ನೂ ಅಳೆದರೆ ಸಾಕು.

ಹಂತ 8: ಕಣ ಪರೀಕ್ಷೆಯನ್ನೇ ಕೆಡಿಸಿದೆಯೇ ನೋಡಿ

ಜೀವಂತ ಕೋಶಗಳನ್ನು ಅಳೆಯುವ ಎಂಟಿಟಿ ಪರೀಕ್ಷೆಯಲ್ಲಿ ಹುಟ್ಟುವ ಬಣ್ಣದ ಹರಳುಗಳಿಗೆ ಇಂಗಾಲದ ಕೊಳವೆ ಅಂಟಿಕೊಂಡು, ಕೋಶಗಳು ಬದುಕಿದ್ದರೂ ಸತ್ತಂತೆ ತೋರಿಸುತ್ತದೆ. ಕಣಗಳು ಎಲ್‌ಡಿಎಚ್ ಕಿಣ್ವವನ್ನೂ ಸೈಟೋಕೈನ್‌ಗಳನ್ನೂ ಮೈಗಂಟಿಸಿಕೊಂಡು ಅಳತೆಯಿಂದ ಮರೆಮಾಡುತ್ತವೆ; ಆಗ ವಿಷಕಾರಿ ಕಣವೂ ಸಾಧುವಾಗಿ ಕಾಣುತ್ತದೆ. ಪ್ರತಿ ಪರೀಕ್ಷೆಯನ್ನೂ ಒಮ್ಮೆ ಕೋಶಗಳಿಲ್ಲದೆ ಬರೀ ಕಣದ ಜೊತೆ ನಡೆಸಿ, ಇನ್ನೊಮ್ಮೆ ಗೊತ್ತಿರುವ ಪ್ರಮಾಣದ ಕಿಣ್ವ ಅಥವಾ ಸೈಟೋಕೈನ್‌ಗೆ ಕಣ ಬೆರೆಸಿ ನಡೆಸಿ. ಡಿಎನ್‌ಎ ಹಾನಿಗೆ ಬ್ಯಾಕ್ಟೀರಿಯಾ ಬಳಸುವ ಏಮ್ಸ್ ಪರೀಕ್ಷೆ ಇಲ್ಲಿ ಬೇಡ; ಬ್ಯಾಕ್ಟೀರಿಯಾದ ಗೋಡೆ ದಾಟಿ ಕಣ ಒಳಹೋಗದಿದ್ದರೆ ಸಿಗುವ ಉತ್ತರಕ್ಕೆ ಅರ್ಥವಿಲ್ಲ. ಸಸ್ತನಿಗಳ ಕೋಶಗಳಲ್ಲಿ, ವರ್ಣತಂತುಗಳ ಹಾನಿಯಿಂದ ಉಳಿದ ಚೂರುಗಳನ್ನು ಎಣಿಸುವ ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆ ಮಾಡಿ.

ಹಂತ 9: ಅವಧಿ, ದಾಖಲೆ, ವರದಿ

ಕೊನೆಯ ಡೋಸ್ ಆದ ಮರುದಿನವೇ ಎಲ್ಲ ಪ್ರಾಣಿಗಳನ್ನೂ ತೆಗೆದುಬಿಡುವ ಯೋಜನೆಗೆ ನಾನು ಒಪ್ಪುವುದಿಲ್ಲ. ಕರಗದ ಕಣದ ವಿಷಯದಲ್ಲಿ ಡೋಸ್ ನಿಲ್ಲಿಸಿದ ಮೇಲೂ ಕೆಲವು ಪ್ರಾಣಿಗಳನ್ನು ಬಿಟ್ಟು, ಉರಿಯೂತ ಇಳಿಯಿತೇ, ಕಣ ಹೊರಹೋಯಿತೇ, ನಾರುಗಟ್ಟಿತೇ ಎಂದು ತಿಂಗಳುಗಳ ನಂತರ ನೋಡಬೇಕು. ಪ್ರಾಣಿಗಳನ್ನು ಗುಂಪುಗಳಿಗೆ ಚೀಟಿ ಎತ್ತಿದಂತೆ ಹಂಚಿ, ಅಂಗಾಂಶದ ಸೀಳು ಓದುವವರಿಗೆ ಗುಂಪು ಗೊತ್ತಾಗದಂತಿರಲಿ. ಕಪ್ಪು ಕಣ ತುಂಬಿದ ಶ್ವಾಸಕೋಶ ತನ್ನ ಗುಂಪನ್ನು ತಾನೇ ಬಿಟ್ಟುಕೊಡುತ್ತದೆ. ಅಂಥಲ್ಲಿ ಕೋಶಗಳ ಎಣಿಕೆಯಂಥ ಅಂಕಿಗಳ ಮೇಲೆ ಹೆಚ್ಚು ಭಾರ ಹಾಕಿ.

ವರದಿಗೆ, ಪ್ರಾಣಿ ಪ್ರಯೋಗಗಳ ವರದಿಗೆಂದೇ ರೂಪಿಸಿದ 2020ರ ಅರೈವ್ 2.0 ಪಟ್ಟಿಯನ್ನು ಅನುಸರಿಸಿ. ಅದರ ಜೊತೆಗೆ ಕಣದ ಬ್ಯಾಚ್ ಸಂಖ್ಯೆ, ತಯಾರಾದ ದಿನ, ಚುಚ್ಚಿದ ದಿನದ ಗಾತ್ರ, ಎಂಡೋಟಾಕ್ಸಿನ್ ಅಂಕಿ, ಯಾವ ದ್ರವದಲ್ಲಿ ಎಷ್ಟು ಹೊತ್ತು ಸಾನಿಕೇಟ್ ಮಾಡಿದಿರಿ ಎಂಬುದನ್ನೂ ಬರೆಯಿರಿ. ಹಾನಿ ಕಾಣದ ಪ್ರಮಾಣಗಳ ಅಂಕಿಗಳನ್ನೂ ಕೈಬಿಡದೆ ಕೊಡಿ. ಸುರಕ್ಷಿತ ಮಟ್ಟ ಲೆಕ್ಕಹಾಕುವವರು ಹುಡುಕುವುದು ಅವನ್ನೇ. ಪ್ರತಿ ಪ್ರಾಣಿಯ ಯಕೃತ್ತು, ಗುಲ್ಮ, ಮೂತ್ರಪಿಂಡ, ಶ್ವಾಸಕೋಶಗಳಿಂದ ಒಂದು ಮೇಣದ ಬ್ಲಾಕ್ ಮತ್ತು ಹೆಪ್ಪುಗಟ್ಟಿಸಿದ ಒಂದು ತುಣುಕನ್ನು, ಉಳಿದ ಕಣದ ಮಾದರಿಯ ಜೊತೆ, ಬ್ಯಾಚ್ ಸಂಖ್ಯೆ ಬರೆದು ಜೋಪಾನ ಮಾಡಿ. ಮುಂದೆ ಬೇರೊಬ್ಬರಿಗೆ ಹೊಸ ಪ್ರಶ್ನೆ ಹುಟ್ಟಿದಾಗ ಹೊಸ ಪ್ರಾಣಿಯ ಬದಲು ಈ ಪೆಟ್ಟಿಗೆಯನ್ನು ತೆರೆದು ಕೆಲಸ ಶುರುಮಾಡಬಹುದು.